ಅಜ್ಜನ ತಟ್ಟೆ ಬೇರೆ ಯಾಕೆ?

ಹಬ್ಬದ ದಿನ ನಮ್ಮ ಮನೆಯಲ್ಲಿ ಬಾಳೆಎಲೆ ಊಟ. ಎಲ್ಲರಿಗೂ ಒಂದೇ ಬಗೆಯ ಎಲೆ, ಹಾಗಾಗಿ ಯಾರೂ ಏನೂ ಕೇಳುವುದಿಲ್ಲ. ತೊಂದರೆಯಾಗಿದ್ದು ಈ ಸಲದ ಯುಗಾದಿಯ ಮರುದಿನ. ಉಳಿದ ಹೋಳಿಗೆಯನ್ನು ನನ್ನವಳು ಕಾವಲಿಯ ಮೇಲೆ ಬಿಸಿ ಮಾಡಿ ಬಡಿಸುತ್ತಿದ್ದಳು. ಮರುದಿನದ ಹೋಳಿಗೆಗೆ ಹಬ್ಬದ ದಿನದ್ದಕ್ಕಿಂತ ಹೆಚ್ಚು ರುಚಿ ಎಂಬುದು ನಿಮಗೂ ಗೊತ್ತಲ್ಲ! ಮೊಮ್ಮಗಳು ಪುಟ್ಟಿ ತನ್ನ ಪಾಲು ಮುಗಿಸಿ, ನನ್ನ ಪಕ್ಕಕ್ಕೆ ಸರಿದು, ನನ್ನ ತಟ್ಟೆಯಲ್ಲಿದ್ದ ಅರ್ಧ ಹೋಳಿಗೆಗೆ ಕೈ ಹಾಕಿದಳು. ನಾನು ಸರಕ್ಕನೆ ತಟ್ಟೆಯನ್ನು ಎಳೆದುಕೊಂಡೆ. ತುಪ್ಪದ ಬಟ್ಟಲು ಉರುಳಿತು.

ಪುಟ್ಟಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ನನ್ನ ಮುಖ ನೋಡಿ ಕೇಳಿದಳು: "ಅಜ್ಜ, ನಿಮ್ಮ ತಟ್ಟೆ ಯಾಕೆ ಯಾವಾಗಲೂ ಬೇರೆ? ನನ್ನ ಕಂಡ್ರೆ ಇಷ್ಟ ಇಲ್ವಾ?"

ಮೂವತ್ತೇಳು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಎಂತೆಂಥವರಿಗೋ ಉತ್ತರ ಕೊಟ್ಟವನು ನಾನು. ಆ ಮಗುವಿಗೆ ಉತ್ತರ ಕೊಡಲಾಗಲಿಲ್ಲ. ನನ್ನ ಹೆಸರು ಕೊರೆಸಿದ ಒಂದು ಸ್ಟೀಲು ತಟ್ಟೆ, ಒಂದು ಲೋಟ, ಒಂದು ಚಮಚ ಹದಿನಾಲ್ಕು ವರ್ಷದಿಂದ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಬೇರೆಯಾಗಿಯೇ ಇವೆ. ಯಾಕೆಂದು ದೊಡ್ಡವರಿಗಷ್ಟೇ ಗೊತ್ತಿತ್ತು. ಅದನ್ನು ಪುಟ್ಟಿಗೆ ಹೇಳಿದ ಹಾಗೆಯೇ ಇವತ್ತು ನಿಮಗೂ ಹೇಳುತ್ತೇನೆ.

ಇದು ನನ್ನ ತಮ್ಮನಿಂದ ಶುರುವಾಗುವ ಕಥೆ. ಅವನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬೀಡಿ, ಸಿಗರೇಟು, ಹೆಂಡ ಯಾವುದನ್ನೂ ಮುಟ್ಟಿದವನಲ್ಲ. ಮದುವೆಮನೆಯಲ್ಲಿ ಊಟದ ನಂತರ ಬೀಡಾ ಕೊಟ್ಟರೂ ಜೇಬಿಗೆ ಹಾಕಿಕೊಂಡು ಬಂದು ಹೆಂಡತಿಗೆ ಕೊಡುತ್ತಿದ್ದ. 2009ರ ದಸರಾ ರಜೆಯಲ್ಲಿ ಬಂದಾಗ ಸ್ವಲ್ಪ ಇಳಿದುಹೋಗಿದ್ದ. "ಯಾಕೋ ಊಟ ಸೇರ್ತಿಲ್ಲ ಅಣ್ಣ, ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ ಭಾರ ಅನ್ಸುತ್ತೆ" ಅಂದ. "ಗ್ಯಾಸ್ಟ್ರಿಕ್ ಇರಬೇಕು ಕಣೋ, ಹೊತ್ತಿಗೆ ಸರಿಯಾಗಿ ಉಣ್ಣು" ಎಂದು ನಾನೇ ಹೇಳಿ ಕಳಿಸಿದೆ. ಡಿಸೆಂಬರಿನಲ್ಲಿ ಅವನ ಕಣ್ಣು ಹಳದಿಯಾಯಿತು. ಕಾಮಾಲೆ ಎಂದುಕೊಂಡು ಪಕ್ಕದ ಹಳ್ಳಿಯಲ್ಲಿ ಸೊಪ್ಪಿನ ಔಷಧಿ ಕೊಡುವವರ ಹತ್ತಿರ ಹೋದರು. ಮೂರು ವಾರ ಪಥ್ಯ ಮಾಡಿದ್ದೂ ಆಯಿತು. ಹಳದಿ ಇಳಿಯಲಿಲ್ಲ, ಹೊಟ್ಟೆ ಊದಿಕೊಂಡಿತು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ ದೊಡ್ಡ ಗಡ್ಡೆ. ಕ್ಯಾನ್ಸರ್.

ಕೈ ಮೀರಿತ್ತು. 2010ರ ಫೆಬ್ರುವರಿಯಲ್ಲಿ ಅವನು ಹೋದ. ಆಗ ಅವನಿಗೆ 54 ವರ್ಷ.

ತಿಥಿಯ ದಿನ ಊಟಕ್ಕೆ ಬಂದವರಲ್ಲಿ ಇಬ್ಬರು ಕೈ ತೊಳೆಯುತ್ತಾ ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿತ್ತು. "ಲಿವರ್ ಹೋಗಿತ್ತಂತೆ. ಮೇಷ್ಟ್ರು ಒಳಗೊಳಗೇ ತಗೊಳ್ತಿದ್ರೋ ಏನೋ." ನಾನು ಹೋಗಿ ಜಗಳ ಮಾಡಬಹುದಿತ್ತು. ಮಾಡಲಿಲ್ಲ. ಏಕೆಂದರೆ, ಕುಡಿಯದವನಿಗೆ ಲಿವರ್ ಕ್ಯಾನ್ಸರ್ ಹೇಗೆ ಬಂತು ಎಂದು ಯಾರಾದರೂ ತಿರುಗಿ ಕೇಳಿದರೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಉತ್ತರ ನನ್ನ ಅಂಗಿಯ ಜೇಬಿನಲ್ಲೇ ಇತ್ತು ಎಂಬುದು ಆಗ ಗೊತ್ತಿರಲಿಲ್ಲ.

ಅದೊಂದು ಸಣ್ಣ ಚೀಟಿ. ಬೆಂಗಳೂರಿನ ಡಾಕ್ಟರು ಬರೆದುಕೊಟ್ಟದ್ದು. ತಮ್ಮನ ರಕ್ತದಲ್ಲಿ ಹೆಪಟೈಟಿಸ್ ಬಿ ಎಂಬ ವೈರಸ್ ಸಿಕ್ಕಿತ್ತು. "ಒಡಹುಟ್ಟಿದವರೆಲ್ಲ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ" ಎಂದು ಹೇಳಿ, ಪರೀಕ್ಷೆಯ ಹೆಸರು ಬರೆದುಕೊಟ್ಟಿದ್ದರು. ಆ ಗಡಿಬಿಡಿಯಲ್ಲಿ ಅವರ ಮಾತು ತಲೆಗೆ ಹೋಗಿರಲಿಲ್ಲ. ಆಮೇಲೆ ನೆನಪಾದಾಗ ಹೆದರಿಕೆ. ಒಂದು ವೋಚರನ್ನೂ ಮರುದಿನಕ್ಕೆ ಬಾಕಿ ಇಡದ ಗುಮಾಸ್ತ ಎಂದು ಹೆಸರಾಗಿದ್ದ ನಾನು ಆ ಚೀಟಿಯನ್ನು ಹನ್ನೊಂದು ತಿಂಗಳು ಬಾಕಿ ಇಟ್ಟೆ. ಕೊನೆಗೆ ವಿಮೆಯ ಕಾಗದಗಳ ನಡುವೆ ಅದು ನನ್ನವಳ ಕೈಗೆ ಸಿಕ್ಕಿತು. ಅವಳು ಒಂದು ಮಾತೂ ಬೈಯಲಿಲ್ಲ. ಮರುದಿನ ಬೆಳಗ್ಗೆ ಕಾಫಿ ಕೊಟ್ಟು, ಛತ್ರಿ ತೆಗೆದುಕೊಂಡು, "ನಡೀರಿ" ಅಂದಳು.

2011ರ ಜನವರಿ. ನಿವೃತ್ತಿಗೆ ಇನ್ನು ಐದು ತಿಂಗಳು ಇತ್ತು. ಅಕ್ಕನ ರಕ್ತದಲ್ಲಿ ವೈರಸ್ ಇರಲಿಲ್ಲ. ನನ್ನಲ್ಲಿ ಇತ್ತು.

ಡಾಕ್ಟರು ನಿಧಾನವಾಗಿ ವಿವರಿಸಿದರು. ಹೆಪಟೈಟಿಸ್ ಎಂದರೆ ಲಿವರಿನ ಉರಿಯೂತ. ಎ ಮತ್ತು ಇ ಎಂಬ ವೈರಸ್‌ಗಳು ಕೊಳಕು ನೀರು, ಆಹಾರದಿಂದ ಬರುತ್ತವೆ. ಊರಿಗೆ ಕಾಮಾಲೆ ಬಂತು ಎನ್ನುತ್ತೇವಲ್ಲ, ಹೆಚ್ಚಾಗಿ ಅದು ಇವುಗಳದ್ದು. ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಸೊಪ್ಪಿನ ಔಷಧಿಗೆ ಹೆಸರು ಬಂದದ್ದೂ ಹೀಗೆಯೇ. ಬಿ ಮತ್ತು ಸಿ ಬೇರೆ ಜಾತಿಯವು. ಇವು ರಕ್ತದ ಮೂಲಕ ಬರುತ್ತವೆ, ಎಷ್ಟೋ ಜನರಲ್ಲಿ ಬಂದ ಮೇಲೆ ಹೋಗುವುದಿಲ್ಲ. ಸದ್ದಿಲ್ಲದೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಕುಳಿತು ಲಿವರನ್ನು ಸವೆಸುತ್ತವೆ. ಸವೆದ ಜಾಗ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಇದನ್ನು ಸಿರೋಸಿಸ್ ಎನ್ನುತ್ತಾರೆ. ಲಿವರ್ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಇಂಥ ಲಿವರಿನಲ್ಲಿ. ಹೆಪಟೈಟಿಸ್ ಬಿ ಇರುವವರಲ್ಲಿ ಸಿರೋಸಿಸ್ ಆಗದೆಯೂ ಕ್ಯಾನ್ಸರ್ ಬರಬಹುದು.

"ನನಗೆ ಎಲ್ಲಿಂದ ಬಂತು ಸಾರ್?" ಎಂದು ಕೇಳಿದೆ.

"ಅಣ್ಣತಮ್ಮ ಇಬ್ಬರಲ್ಲೂ ಇದೆ ಅಂದರೆ, ಹುಟ್ಟುವಾಗ ತಾಯಿಯಿಂದ ಬಂದಿರಬಹುದು. ಚಿಕ್ಕಂದಿನಲ್ಲಿ ಸರಿಯಾಗಿ ಕುದಿಸದ ಸೂಜಿಯಿಂದಲೂ ಬಂದಿರಬಹುದು" ಅಂದರು. ದೊಡ್ಡವರಾದ ಮೇಲೆ ಈ ವೈರಸ್ ತಗುಲಿದರೆ ನೂರರಲ್ಲಿ ತೊಂಬತ್ತೈದಕ್ಕಿಂತ ಹೆಚ್ಚು ಜನರ ಮೈ ಅದನ್ನು ಓಡಿಸಿಬಿಡುತ್ತದಂತೆ. ಎಳೆ ಕೂಸಿಗೆ ತಗುಲಿದರೆ ಲೆಕ್ಕ ತಲೆಕೆಳಗು. ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳಲ್ಲಿ ಅದು ಜೀವಮಾನವಿಡೀ ಉಳಿದುಬಿಡುತ್ತದೆ.

ಅಮ್ಮ ತೀರಿಕೊಂಡು ಆಗಲೇ ಹದಿಮೂರು ವರ್ಷವಾಗಿತ್ತು. ಅವಳ ರಕ್ತವನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ. ಅವಳಿಂದಲೇ ಬಂದಿದ್ದರೂ ತಪ್ಪು ಅವಳದ್ದಲ್ಲ. ನಾನು ಹುಟ್ಟಿದ್ದು 1951ರಲ್ಲಿ. ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಈ ವೈರಸ್ಸಿನ ಸುಳಿವನ್ನು ಕಂಡು, ಅದರ ಬಗ್ಗೆ ಬರೆದದ್ದು 1965ರಲ್ಲಿ. ಅವರು ವೈರಸ್ ಹುಡುಕಲು ಹೊರಟವರೂ ಅಲ್ಲ. ಬೇರೆ ಬೇರೆ ದೇಶದ ಜನರ ರಕ್ತದಲ್ಲಿ ಏನೇನು ವ್ಯತ್ಯಾಸವಿದೆ ಎಂದು ನೋಡುತ್ತಿದ್ದವರು. 1976ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅವರು ಹುಟ್ಟಿದ ಜುಲೈ 28ನ್ನೇ ಈಗ ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸುತ್ತಾರೆ. ನಾನು ಹುಟ್ಟುವಾಗ ಯಾರೂ ಕಂಡೇ ಇರದಿದ್ದ ವೈರಸ್ಸನ್ನು, ಸಹಿ ಮಾಡಲೂ ಬಾರದ ನನ್ನ ತಾಯಿ ತಡೆಯುವುದು ಹೇಗೆ?

ಪುಟ್ಟಿ ಇಲ್ಲಿ ಮಧ್ಯೆ ಬಾಯಿ ಹಾಕಿದಳು. "ಯಕೃತ್ತು ದೇಹದ ಅತಿ ದೊಡ್ಡ ಗ್ರಂಥಿ ಅಂತ ನಮ್ಮ ಪುಸ್ತಕದಲ್ಲಿದೆ. ಅಷ್ಟು ದೊಡ್ಡದಕ್ಕೆ ಹುಷಾರಿಲ್ಲ ಅಂದ್ರೆ ಗೊತ್ತಾಗಲ್ವಾ ಅಜ್ಜ?"

ಗೊತ್ತಾಗುವುದಿಲ್ಲ, ಅದೇ ತೊಂದರೆ. ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗ ನಮ್ಮ ಬ್ಯಾಂಕಿನಲ್ಲಿದ್ದ ಒಬ್ಬ ಹಳೆಯ ಸಹೋದ್ಯೋಗಿಯ ಹಾಗೆ. ಅವರು ನಾಲ್ಕು ಜನರ ಕೆಲಸ ಒಬ್ಬರೇ ಮಾಡುತ್ತಿದ್ದರು, ರಜೆ ಕೇಳುತ್ತಿರಲಿಲ್ಲ, ತಲೆನೋವು ಎಂದೂ ಹೇಳುತ್ತಿರಲಿಲ್ಲ. ಒಂದು ದಿನ ಕುರ್ಚಿಯಲ್ಲೇ ಕುಸಿದಾಗ ಎಲ್ಲರಿಗೂ ಆಶ್ಚರ್ಯ. ಲಿವರಿನ ಬಹುಪಾಲು ಕೆಟ್ಟರೂ ಉಳಿದ ಭಾಗ ಕೆಲಸ ನಡೆಸಿಕೊಂಡು ಹೋಗುತ್ತದೆ. ಅದು ದೂರು ಹೇಳುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ಹಾಗಾಗಿ ಅದು ಹೇಳುವ ಮೊದಲೇ ನಾವು ಕೇಳಬೇಕು.

ನನ್ನವಳು, ಮಗ ಇಬ್ಬರಿಗೂ ಪರೀಕ್ಷೆ ಮಾಡಿಸಿದೆವು. ಫಲಿತಾಂಶ ಬರುವ ತನಕ ಎರಡು ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಇಬ್ಬರಿಗೂ ಇರಲಿಲ್ಲ. ಇಬ್ಬರಿಗೂ ಆರು ತಿಂಗಳಲ್ಲಿ ಮೂರು ಸಲ ಲಸಿಕೆ ಹಾಕಿಸಿದೆವು. ಮುಂದೆ ಸೊಸೆ ಬಂದಾಗ ಅವಳಿಗೂ ಹಾಕಿಸಿದೆವು. ಪುಟ್ಟಿ ಹುಟ್ಟಿದ ದಿನ ನಾನು ಆಸ್ಪತ್ರೆಯ ಜಗಲಿಯಲ್ಲಿ ಗಡಿಯಾರ ನೋಡುತ್ತಾ ನಿಂತಿದ್ದೆ. ಹುಟ್ಟಿದ 24 ಗಂಟೆಯ ಒಳಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಚುಚ್ಚುಮದ್ದು ಬೀಳಬೇಕು. ನರ್ಸಮ್ಮನನ್ನು ನಾಲ್ಕು ಸಲ ಕೇಳಿದೆ. ಐದನೇ ಸಲ ಅವರೇ ಹೊರಗೆ ಬಂದು, "ಆಯ್ತು ಅಜ್ಜಾರೇ, ಹಾಕಿದ್ದೀವಿ. ಹೋಗಿ ಕಾಫಿ ಕುಡೀರಿ" ಅಂದರು. ಆಮೇಲೆ 6, 10, 14 ವಾರಗಳಲ್ಲಿ ಕೊಡುವ ಐದು ರೋಗಗಳ ಒಂದೇ ಲಸಿಕೆಯಲ್ಲೂ ಇದು ಸೇರಿರುತ್ತದೆ.

ಈ ಲಸಿಕೆ ಎಂಥದ್ದು ಗೊತ್ತೇ? ತೈವಾನ್ ಎಂಬ ಪುಟ್ಟ ದ್ವೀಪದಲ್ಲಿ ಹೆಪಟೈಟಿಸ್ ಬಿ ಮನೆಮನೆಯಲ್ಲೂ ಇತ್ತು. ಅಲ್ಲಿ 1984ರಲ್ಲಿ ಕೂಸುಗಳಿಗೆ ಲಸಿಕೆ ಹಾಕಲು ಶುರು ಮಾಡಿದರು. ಹತ್ತೇ ವರ್ಷದಲ್ಲಿ ಆ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಸುಮಾರು ಅರ್ಧಕ್ಕೆ ಇಳಿದಿತ್ತು. ಒಂದು ಚುಚ್ಚುಮದ್ದಿನಿಂದ ಕ್ಯಾನ್ಸರನ್ನೇ ತಡೆಯಬಹುದು ಎಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟದ್ದು ಇದೇ.

ವೈರಸ್ಸಿನ ಕಥೆ ಇಷ್ಟು. ಆದರೆ ಲಿವರಿನ ಲೆಡ್ಜರಿನಲ್ಲಿ ಖಾತೆ ಒಂದೇ ಅಲ್ಲ. ಎರಡನೆಯದು ನನಗೆ ಚಳ್ಳಕೆರೆಯಲ್ಲಿ ಸಿಕ್ಕಿತು. ಅಲ್ಲಿ ಎಂಟು ವರ್ಷ ಕೆಲಸ ಮಾಡಿದ್ದೇನೆ. ಶೇಂಗಾ ಮತ್ತು ಎಣ್ಣೆ ಗಿರಣಿಗಳ ಊರು. ಗೋದಾಮಿನಲ್ಲಿ ಇಟ್ಟ ಮಾಲಿನ ಮೇಲೆ ಬ್ಯಾಂಕು ಸಾಲ ಕೊಡುತ್ತಿತ್ತು. ಮೂಟೆ ಎಣಿಸಲು ಮ್ಯಾನೇಜರ ಜತೆ ನಾನೂ ಹೋಗುತ್ತಿದ್ದೆ. ಮಳೆಗೆ ನೆನೆದ ಮೂಟೆಗಳ ತಳದಲ್ಲಿ ಬೂಸ್ಟು ಹಿಡಿದ ಕಾಯಿ ಇರುತ್ತಿತ್ತು. ಅದನ್ನು ಎಸೆಯುವವರು ಕಡಿಮೆ. ಹಮಾಲರು ಮನೆಗೆ ಒಯ್ಯುತ್ತಿದ್ದರು. ನಮ್ಮ ಮನೆಗೂ ಒಂದೆರಡು ಸೇರು ಬಂದದ್ದುಂಟು. ಹುರಿದು ಕುಟ್ಟಿ ಖಾರ ಹಾಕಿದರೆ ಚಟ್ನಿಪುಡಿಯಲ್ಲಿ ಯಾರಿಗೆ ತಿಳಿಯುತ್ತದೆ?

ನಾಲಿಗೆಗೆ ತಿಳಿಯಲಿಲ್ಲ, ಲಿವರಿಗೆ ತಿಳಿಯುತ್ತದೆ. ಶೇಂಗಾ, ಮೆಕ್ಕೆಜೋಳದ ಮೇಲೆ ಬೆಳೆಯುವ ಒಂದು ಜಾತಿಯ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಮಾಡುತ್ತದೆ. ಇದು ಗೊತ್ತಾದದ್ದು 1960ರಲ್ಲಿ, ಇಂಗ್ಲೆಂಡಿನಲ್ಲಿ. ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುಬಿದ್ದವು. ಹುಡುಕುತ್ತಾ ಹೋದರೆ, ಅವಕ್ಕೆ ಹಾಕಿದ್ದ ಶೇಂಗಾ ಹಿಂಡಿಯಲ್ಲಿ ಈ ವಿಷ ಇತ್ತು. ನಮ್ಮ ದೇಶದಲ್ಲೇ 1974ರಲ್ಲಿ ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಒಮ್ಮೆಗೇ ತಿನ್ನದೆ, ದಿನಾ ಚೂರುಚೂರು ತಿಂದರೆ ವರ್ಷಗಳ ಮೇಲೆ ಲಿವರ್ ಕ್ಯಾನ್ಸರಿಗೆ ದಾರಿಯಾಗುತ್ತದೆ. ಹುರಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಹೆಪಟೈಟಿಸ್ ಬಿ ಇರುವವನು ಇದನ್ನೂ ತಿಂದರೆ, ಅಲ್ಲಿ ನಡೆಯುವುದು ಕೂಡುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ. ತಮ್ಮನೂ ನನ್ನ ಮನೆಯ ಚಟ್ನಿಪುಡಿಯನ್ನು ಡಬ್ಬಿಗಟ್ಟಲೆ ಒಯ್ಯುತ್ತಿದ್ದ. ಅದರಿಂದಲೇ ಆಯಿತು ಎಂದು ಹೇಳಲು ಯಾರಿಂದಲೂ ಆಗದು. ಆದರೂ ಶೇಂಗಾ ಕಂಡಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಮೂರನೆಯದು ಹೆಂಡ. ಕುಡಿಯದವರಿಗೂ ಈ ಕಾಯಿಲೆ ಬರುತ್ತದೆ ಎಂದೆ, ಕುಡಿದರೆ ಬರುವುದಿಲ್ಲ ಎಂದು ಹೇಳಲಿಲ್ಲ. ವರ್ಷಗಟ್ಟಲೆ ಕುಡಿದವರ ಲಿವರ್ ಗಟ್ಟಿಯಾಗುವುದೂ, ಅಲ್ಲಿ ಕ್ಯಾನ್ಸರ್ ಹುಟ್ಟುವುದೂ ನಿಜವೇ. ಬೀಡಿ ಸಿಗರೇಟಿನ ಹೆಸರೂ ಈ ಪಟ್ಟಿಯಲ್ಲಿದೆ. ನಾಲ್ಕನೆಯದು ಹೆಪಟೈಟಿಸ್ ಸಿ. ಹಿಂದೆ ರಕ್ತ ಹಾಕಿಸಿಕೊಂಡವರಿಗೆ, ಒಂದೇ ಸೂಜಿಯನ್ನು ಹಲವರಿಗೆ ಬಳಸಿದ ಕಡೆ ಚುಚ್ಚಿಸಿಕೊಂಡವರಿಗೆ ಇದು ತಗುಲಿರಬಹುದು. ಇದಕ್ಕೆ ಲಸಿಕೆ ಇಲ್ಲ. ಆದರೆ ಎರಡು ಮೂರು ತಿಂಗಳು ಮಾತ್ರೆ ನುಂಗಿದರೆ ಬಹುತೇಕ ಎಲ್ಲರಿಗೂ ವಾಸಿಯಾಗುತ್ತದೆ. ಈ ವೈರಸ್ಸನ್ನು ಕಂಡುಹಿಡಿದವರಿಗೆ 2020ರಲ್ಲಿ ನೊಬೆಲ್ ಬಂತು.

ಐದನೆಯದು ಈಗಿನ ಕಾಲದ ಖಾತೆ, ನನಗೂ ಇದೆ. ಸಕ್ಕರೆ ಕಾಯಿಲೆ, ಸೊಂಟದ ಸುತ್ತ ಬೊಜ್ಜು, ಅದರಿಂದ ಲಿವರಿನಲ್ಲಿ ಕೊಬ್ಬು. ನಿವೃತ್ತಿಯಾದ ಮೇಲೆ ಸಂಜೆ ಬೇಕರಿಯ ಬೆಂಚಿನಲ್ಲಿ ಕೂರುವ ಅಭ್ಯಾಸವಾಗಿತ್ತು. ಸ್ಕ್ಯಾನ್ ಮಾಡಿದ ಡಾಕ್ಟರು, "ವೈರಸ್ಸಿಗೆ ಮಾತ್ರೆ ಕೊಟ್ಟಿದ್ದೀನಿ, ಈ ಬೆಣ್ಣೆ ಬಿಸ್ಕತ್ತಿಗೆ ಏನು ಕೊಡಲಿ?" ಎಂದು ಗದರಿದರು. ಅಂದಿನಿಂದ ಸಂಜೆ ಕೆರೆ ಏರಿಯ ಮೇಲೆ ನಡೆಯುತ್ತೇನೆ. ಮಕ್ಕಳೇ, ಇದು ಅಜ್ಜಂದಿರ ಕಾಯಿಲೆ ಮಾತ್ರ ಎಂದುಕೊಳ್ಳಬೇಡಿ. ದಿನವೂ ಬಾಟಲಿಯ ಸಿಹಿ ಪಾನೀಯ ಕುಡಿದು, ಆಟವಾಡದೆ ಕುಳಿತರೆ ನಿಮ್ಮ ವಯಸ್ಸಿನವರ ಲಿವರಿನಲ್ಲೂ ಕೊಬ್ಬು ಸೇರುತ್ತದೆ.

ಇಷ್ಟು ಹೇಳಿದ ಮೇಲೂ ಪುಟ್ಟಿಯ ಪ್ರಶ್ನೆ ಹಾಗೇ ಉಳಿದಿತ್ತು. "ಸರಿ ಅಜ್ಜ, ತಟ್ಟೆ ಯಾಕೆ ಬೇರೆ?"

"ನಿನಗೆ ಅಂಟಬಾರದು ಅಂತ ಪುಟ್ಟಿ."

"ತಟ್ಟೆಯಿಂದ ಅಂಟುತ್ತೆ ಅಂತ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಮುಂದಿನ ತಿಂಗಳು ನನ್ನ ಆರು ತಿಂಗಳ ಸ್ಕ್ಯಾನಿಗೆ ಹೋಗುವಾಗ ಅವಳೂ ಹೊರಟಳು. ಡಾಕ್ಟರ ಎದುರು ಕುಳಿತು, ನನಗಿಂತ ಮೊದಲೇ ಕೇಳಿದಳು: "ಡಾಕ್ಟರಂಕಲ್, ನಾನು ಅಜ್ಜನ ತಟ್ಟೆಯಲ್ಲಿ ತಿನ್ನಬಹುದಾ?"

ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮೊದಲ ದಿನವೇ ಹೇಳಿದ್ನಲ್ರೀ! ಜತೆಯಲ್ಲಿ ಉಂಡರೆ, ಅಪ್ಪಿಕೊಂಡರೆ, ಕೆಮ್ಮಿದರೆ, ಒಂದೇ ಲೋಟದಲ್ಲಿ ಕುಡಿದರೆ ಇದು ಬರಲ್ಲ ಅಂತ. ಅಲ್ಲದೆ ಈ ಮಗುವಿಗೆ ಲಸಿಕೆ ಬೇರೆ ಆಗಿದೆ."

ಹೌದು, ಹೇಳಿದ್ದರು. ಕಿವಿ ಕೇಳಿತ್ತು, ಭಯ ಕೇಳಿರಲಿಲ್ಲ. ಆಮೇಲೆ ಅವರು ಇನ್ನೊಂದು ಪ್ರಶ್ನೆ ಕೇಳಿದರು. "ತಟ್ಟೆ ಬೇರೆ ಇಟ್ಟಿದ್ದೀರಿ, ಸರಿ. ಉಗುರು ಕತ್ತರಿ? ರೇಜರು?" ನಾನು ತಲೆ ತಗ್ಗಿಸಿದೆ. ನಮ್ಮ ಮನೆಯಲ್ಲಿ ಕಿಟಕಿಯ ಮೊಳೆಗೆ ನೇತುಹಾಕಿದ ಒಂದೇ ಉಗುರು ಕತ್ತರಿಯಲ್ಲಿ ಎಲ್ಲರ ಉಗುರೂ ನಡೆಯುತ್ತಿತ್ತು! ರಕ್ತ ತಾಗಬಹುದಾದ ವಸ್ತುಗಳನ್ನು ಬೇರೆ ಇಡಬೇಕಿತ್ತು. ನಾನು ಅದನ್ನು ಬಿಟ್ಟು, ಹದಿನಾಲ್ಕು ವರ್ಷ ಮಗನಿಂದ, ಮೊಮ್ಮಗಳಿಂದ ತಟ್ಟೆಯನ್ನು ದೂರ ಇಟ್ಟಿದ್ದೆ. ಜಮೆ ಮಾಡಬೇಕಾದ್ದನ್ನು ಖರ್ಚಿಗೆ ಬರೆದ ಹಾಗಾಯಿತು.

ಈಗ ನನ್ನ ಸ್ಥಿತಿ ಏನು ಎಂದು ಕೇಳುತ್ತೀರಾ? ದಿನಕ್ಕೊಂದು ಮಾತ್ರೆ. ಅದು ವೈರಸ್ಸನ್ನು ಕೊಲ್ಲುವುದಿಲ್ಲ, ತಲೆ ಎತ್ತದಂತೆ ಅದುಮಿಡುತ್ತದೆ. ಡಾಕ್ಟರನ್ನು ಕೇಳದೆ ಬಿಡುವಂತಿಲ್ಲ. ವೈರಸ್ ಇರುವ ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಅದನ್ನು ಡಾಕ್ಟರೇ ಹೇಳಬೇಕು. ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್. ಗಡ್ಡೆ ಹುಟ್ಟಿದರೂ ಚಿಕ್ಕದಿರುವಾಗಲೇ ಸಿಕ್ಕರೆ ತೆಗೆಯಬಹುದು. ತಮ್ಮನಿಗೆ ಸಿಗದಿದ್ದ ಅವಕಾಶ ಇದು. ಪ್ರತಿ ಸಲ ಆ ಮಂಚದ ಮೇಲೆ ಮಲಗಿ, ತಣ್ಣಗಿನ ಜೆಲ್ ಹೊಟ್ಟೆಗೆ ತಾಗಿದಾಗ ಅವನೇ ಕಣ್ಣ ಮುಂದೆ ಬರುತ್ತಾನೆ.

ನನ್ನ ವಯಸ್ಸಿನ ಅಜ್ಜ ಅಜ್ಜಿಯರೇ, ನಮ್ಮ ಕಾಲದಲ್ಲಿ ಗಾಜಿನ ಸಿರಿಂಜು, ಜಾತ್ರೆಯ ಹಚ್ಚೆ, ಒಂದೇ ಕತ್ತಿಯಲ್ಲಿ ಇಡೀ ಓಣಿಯ ಕ್ಷೌರ ಎಲ್ಲವೂ ಇದ್ದವು. ಆದ್ದರಿಂದ ಒಮ್ಮೆಯಾದರೂ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಲಿವರಿನ ಕಾಯಿಲೆ ಬಂದಿದ್ದರೆ ಖಂಡಿತ ಮಾಡಿಸಿ. 2018ರಿಂದ ರಾಷ್ಟ್ರೀಯ ಕಾರ್ಯಕ್ರಮವೊಂದರಲ್ಲಿ ಗೊತ್ತುಪಡಿಸಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಮೊಮ್ಮಕ್ಕಳ ಲಸಿಕೆಯ ಕಾರ್ಡು ತೆಗೆದು ನೋಡಿ. ಮತ್ತೆ, ಯಾರಿಗೋ ಲಿವರ್ ಹೋಯಿತು ಎಂದು ಕೇಳಿದಾಗ, ಕುಡೀತಿದ್ದರೋ ಏನೋ ಎಂಬ ಮಾತು ನಾಲಿಗೆಯ ತುದಿಗೆ ಬಂದರೆ ಅಲ್ಲೇ ತಡೆಯಿರಿ. ಕುಡಿಯುತ್ತಿದ್ದವರಾದರೂ ಸತ್ತ ಮೇಲೆ ಅವರ ಮನೆಯವರು ಆ ಮಾತು ಕೇಳಬೇಕಾಗಿಲ್ಲ.

ಮಕ್ಕಳೇ, ನಿಮಗೆ ಹೇಳಬೇಕಾದ್ದು ಕಡಿಮೆ. ಬೂಸ್ಟು ಹಿಡಿದ, ಸುಕ್ಕಾದ, ಕಹಿಯಾದ ಶೇಂಗಾ ಬಾಯಿಗೆ ಬಂದರೆ ನುಂಗಬೇಡಿ, ಉಗಿಯಿರಿ. ಬೇರೆಯವರ ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಬಳಸಬೇಡಿ. ಮನೆಯಲ್ಲಿ ಯಾರಾದರೂ ಡಾಕ್ಟರ ಚೀಟಿ ಬಚ್ಚಿಟ್ಟಿದ್ದರೆ ಪುಟ್ಟಿಯ ಹಾಗೆ ಕೇಳಿ. ದೊಡ್ಡವರಿಗೂ ಹೆದರಿಕೆ ಇರುತ್ತದೆ.

ನನ್ನ ಹೆಸರು ಕೊರೆಸಿದ ಆ ತಟ್ಟೆ ಈಗಲೂ ಇದೆ. ಪೇಟೆಯಿಂದ ಶೇಂಗಾ ತಂದ ದಿನ ಪುಟ್ಟಿ ಅದರಲ್ಲಿ ಕಾಳು ಸುರಿದುಕೊಂಡು ಕೂರುತ್ತಾಳೆ. ನನ್ನ ಕಣ್ಣಿಗೆ ಕಾಣದ ಬೂಸ್ಟು ಅವಳ ಕಣ್ಣಿಗೆ ಕಾಣುತ್ತದೆ. ಕೆಟ್ಟದ್ದನ್ನು ಆರಿಸಿ ಎಸೆದು, ಒಳ್ಳೆಯದರಲ್ಲಿ ಒಂದು ತನ್ನ ಬಾಯಿಗೆ, ಒಂದು ನನ್ನ ಬಾಯಿಗೆ ಹಾಕುತ್ತಾಳೆ. ಮೊದಮೊದಲು ನನ್ನ ಕೈ ತಾನಾಗಿಯೇ ಹಿಂದೆ ಸರಿಯುತ್ತಿತ್ತು. ಈಗ ಸರಿಯುವುದಿಲ್ಲ.